ಪಿಎಚ್‌ಡಿ ಮುಗಿಯಿತು, ಥ್ಯಾಂಕ್ಸ್ ಬಾಕಿ ಇದೆ

ಅಂತೂ ವೈವಾ ಆಯಿತು. ಥೀಸಿಸ್‌ನಲ್ಲಿ ಕೃತಜ್ಞತೆಗೆ ಅಂತ ಒಂದು ಪುಟ ಇತ್ತು. ಅದು ಇಂಗ್ಲಿಷ್‌ನಲ್ಲಿದೆ. ನಾನು ನೆನೆಯಬೇಕಾದ ಅರ್ಧ ಜನ ಅದನ್ನು ಓದುವವರಲ್ಲ. ಅದಕ್ಕೇ ಈ ಬರಹ.

"ಇಷ್ಟು ವರ್ಷ ಏನಮ್ಮ ಮಾಡಿದೆ?" ಅನ್ನುವ ಚಿಕ್ಕಪ್ಪನಿಗೆ ಮೊದಲು ಉತ್ತರ. ನಮ್ಮ ಡಿಎನ್‌ಎಯ ಅಡೆನಿನ್ ಅಣು ನೇರಳಾತೀತ ಬೆಳಕನ್ನು ಹೀರಿಕೊಂಡರೆ, ಆ ಶಕ್ತಿಯನ್ನು ಸುಮಾರು ಒಂದು ಪಿಕೋಸೆಕೆಂಡಿನೊಳಗೇ ಶಾಖವಾಗಿ ಕಳೆದುಕೊಳ್ಳುತ್ತದೆ. ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು! ಬಿಸಿಲಿಗೆ ಡಿಎನ್‌ಎ ಅಷ್ಟು ಸುಲಭಕ್ಕೆ ಕೆಡದಿರಲು ಇದೂ ಒಂದು ಕಾರಣ. ಹತ್ತು ಸಾವಿರಕ್ಕೆ ಒಂದರ ಆಸುಪಾಸು ಅಣು ಮಾತ್ರ ಬೆಳಕು ಬಿಡುತ್ತದೆ. ಆ ಬೆಳಕು ಎಷ್ಟು ಹೊತ್ತು ಬಾಳುತ್ತದೆ ಅಂತ ಅಳೆಯುವುದು ನನ್ನ ಕೆಲಸ.

ಅಷ್ಟು ಚುರುಕಿನ ಡಿಟೆಕ್ಟರ್ ಇಲ್ಲ. ಹಾಗಾಗಿ ಲೇಸರ್ ಪಲ್ಸನ್ನು, ಅಂದರೆ ಬೆಳಕಿನ ಪುಟ್ಟ ಮಿಡಿತವನ್ನು, ಎರಡಾಗಿ ಒಡೆಯುತ್ತೇವೆ. ಒಂದು ಅಣುವಿಗೆ ಬಡಿಯುತ್ತದೆ. ಇನ್ನೊಂದು ತುಸು ತಡವಾಗಿ ಬಂದು, ಬೆಳಕುಗಳನ್ನು ಬೆರೆಸುವ ಬಿಬಿಒ ಅನ್ನುವ ಹರಳಿನಲ್ಲಿ ಅಣುವಿನ ಬೆಳಕಿನ ಜೊತೆ ಸೇರುತ್ತದೆ. ಎರಡೂ ಒಟ್ಟಿಗಿದ್ದ ಆ ಗಳಿಗೆಯಲ್ಲಷ್ಟೇ ಹೊಸ ಬಣ್ಣದ ಬೆಳಕು ಹುಟ್ಟುತ್ತದೆ. ಈ ಎರಡನೇ ಪಲ್ಸಿನ ದಾರಿಯ ಕನ್ನಡಿಯನ್ನು 1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಸರಿಸಿದರೆ ಅದು ಬರುವ ಹೊತ್ತಿನಲ್ಲಿ ಸುಮಾರು 6.7 ಫೆಮ್ಟೊಸೆಕೆಂಡ್ ವ್ಯತ್ಯಾಸ; ಒಂದು ಫೆಮ್ಟೊಸೆಕೆಂಡ್ ಅಂದರೆ ಪಿಕೋಸೆಕೆಂಡಿನ ಸಾವಿರದ ಒಂದು ಪಾಲು. ಕಾಲವನ್ನು ಉದ್ದದಲ್ಲಿ ಅಳೆಯುವುದು, ಅಷ್ಟೇ. 1975ರಲ್ಲೇ ಮಾರ್ ಮತ್ತು ಹಿರ್ಷ್ ಅನ್ನುವ ವಿಜ್ಞಾನಿಗಳು ಈ ಉಪಾಯ ಮಾಡಿ ತೋರಿಸಿದ್ದರು. ಅವರಿಗೂ ಒಂದು ನಮಸ್ಕಾರ.

ಈಗ ನಮ್ಮವರು. ಅಡೆನಿನ್ ದ್ರಾವಣ ನಿಂತಲ್ಲೇ ನಿಂತರೆ ಲೇಸರ್ ಬಿದ್ದ ಜಾಗದಲ್ಲಿ ಕೆಡುತ್ತದೆ, ಗಾಜಿನ ಮೇಲೆ ಕಲೆ ಕೂರುತ್ತದೆ. ಅದು ಹರಿಯುತ್ತಲೇ ಇರಬೇಕು. ನಾನು ಗೀಚಿಕೊಟ್ಟ ಚಿತ್ರ ನೋಡಿ ವರ್ಕ್‌ಶಾಪಿನ ಅಣ್ಣ, "ಇದು ಸೋರುತ್ತೆ ಮೇಡಂ" ಅಂದರು. ತಾವೇ ಬೇರೆ ಥರದ ಫ್ಲೋ ಸೆಲ್ (ದ್ರಾವಣ ಹರಿಯುವ ಪುಟ್ಟ ಕೋಶ) ಮಾಡಿಕೊಟ್ಟರು. ಥೀಸಿಸ್‌ನ ಒಂದೊಂದು ಗ್ರಾಫೂ ಅದರಿಂದಲೇ ಬಂದಿದ್ದು. ಯಾವ ಪೇಪರಿನಲ್ಲೂ ಅವರ ಹೆಸರಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಎಸಿ ನೋಡಿಕೊಳ್ಳುವ ಅಂಕಲ್, ನಿಮ್ಮನ್ನು ಮರೆಯುವುದುಂಟಾ? ಕೋಣೆಯ ಉಷ್ಣತೆ ಒಂದೆರಡು ಡಿಗ್ರಿ ಆಚೀಚೆ ಆದರೂ ಕಿರಣ ಪಕ್ಕಕ್ಕೆ ಸರಿದು ಸಿಗ್ನಲ್ ಮಾಯ. ಏಪ್ರಿಲ್ ರಾತ್ರಿಗಳಲ್ಲಿ ಫೋನ್ ಮಾಡಿದರೆ, "ಮತ್ತೆ ನಿಮ್ಮ ಲೇಸರ್‌ಗೆ ಜ್ವರಾನಾ?" ಅಂತ ಕೇಳುತ್ತಲೇ ಎದ್ದು ಬರುತ್ತಿದ್ದಿರಿ.

ಮುಖ್ಯ ಲೇಸರಿಗೆ ಶಕ್ತಿ ಕೊಡುವ ನಮ್ಮ ಪಂಪ್ ಲೇಸರ್ ಕೆಟ್ಟು, ಬಿಡಿಭಾಗ ಬಾರದೆ, ಎಲ್ಲ ಬಿಟ್ಟು ಊರಿಗೆ ಹೋಗೋಣ ಅನ್ನಿಸಿದ್ದ ಕಾಲ ಒಂದಿತ್ತು. ಆಗ ಪಕ್ಕದ ಲ್ಯಾಬಿನವರು ತಮ್ಮ ರಾತ್ರಿ ಪಾಳಿಯನ್ನು ಸುಮ್ನೆ ನನಗೆ ಬಿಟ್ಟುಕೊಟ್ಟರು. ಗೈಡ್ ಒಮ್ಮೆಯೂ ಅವಸರ ಮಾಡಲಿಲ್ಲ.

ಶನಿವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹೋಳಿಗೆ ಊಟ. ಅಮ್ಮ ಊರಿಂದ ಬರುತ್ತಿದ್ದಾರೆ. ವರ್ಕ್‌ಶಾಪಿನವರು, ಎಸಿ ಪ್ಲಾಂಟಿನವರು ಎಲ್ಲರೂ ಬರಲೇಬೇಕು.