ಮಗಳಿಗೊಂದು ಪತ್ರ: 34 ಪ್ರತಿ

ಸಾಗರ, ಭಾನುವಾರ

ಚಿ. ಸಿಂಧುವಿಗೆ ಅಪ್ಪನ ಆಶೀರ್ವಾದಗಳು.

ಕೆಲಸ ಬಿಟ್ಟು ಸ್ವಂತ ಪತ್ರಿಕೆ ಮಾಡುವ ವಿಷಯದಲ್ಲಿ, ಬೆಂಗಳೂರಿನ ಬಸ್ ಹತ್ತುವ ಮುನ್ನ ನೀನು ಆಡಿದ್ದನ್ನೂ ನಾನು ಆಡಿದ್ದನ್ನೂ ಮತ್ತೆ ಬರೆಯುವುದಿಲ್ಲ. ಆದರೆ ‘ಮಾರ್ಕ್ ಪೆರ್ರಿಯೂ ಬ್ಯಾಂಕ್ ಗುಮಾಸ್ತನೇ ಆಗಿದ್ದ’ ಎಂದೆಯಲ್ಲ, ಆ ಮಾತು ಬಿಡಲಿಲ್ಲ. ವಾರವಿಡೀ ಅವನ ಬಗ್ಗೆಯೇ ಓದಿದೆ.

1976ರ ಜುಲೈ, ಲಂಡನ್. ಪಂಕ್ ಎಂಬ ಅಬ್ಬರದ ರಾಕ್ ಸಂಗೀತದ, ರಮೋನ್ಸ್ ಎಂಬ ಅಮೆರಿಕದ ತಂಡದ ಹುಚ್ಚು ಹಿಡಿದ 19ರ ಹುಡುಗ, ಅವರದೇ ಹಾಡಿನಿಂದ ಹೆಸರು ಎತ್ತಿಕೊಂಡು ‘ಸ್ನಿಫಿನ್ ಗ್ಲೂ’ ಎಂಬ ಪತ್ರಿಕೆ ಹೊರಡಿಸಿದ. (ಅಂಟು ಮೂಸುವುದು! ಇಡಲು ಬೇರೆ ಹೆಸರೇ ಇರಲಿಲ್ಲವೇ?) ಟೈಪ್ ಮಾಡಿದ ಹಾಳೆ, ಸ್ಕೆಚ್ ಪೆನ್ನಿನ ತಲೆಬರಹ, ಜೆರಾಕ್ಸ್. ಮೊದಲ ಸಂಚಿಕೆ ಸುಮಾರು 50 ಪ್ರತಿ, ವರ್ಷದೊಳಗೆ ಸಾವಿರಗಟ್ಟಲೆ. ಬ್ಯಾಂಕು ಬಿಟ್ಟ. 12 ಸಂಚಿಕೆ ತಂದು, ಬೇಡಿಕೆ ಇರುವಾಗಲೇ 1977ರಲ್ಲಿ ನಿಲ್ಲಿಸಿಬಿಟ್ಟ. ಓದುಗರಿಗೆ ಹೇಳಿದ್ದು, ನಿಮ್ಮ ನಿಮ್ಮ ಪತ್ರಿಕೆ ನೀವೇ ಮಾಡಿಕೊಳ್ಳಿ ಎಂದು.

ತಪ್ಪಾದ ಪದಗಳನ್ನು ಹೊಡೆದುಹಾಕಿ ಹಾಗೆಯೇ ಜೆರಾಕ್ಸ್‌ಗೆ ಕೊಡುತ್ತಿದ್ದನಂತೆ. ಇದು ನನಗೆ ಹಿಡಿಸಿತು. ನಮ್ಮ ಲೆಡ್ಜರಿನಲ್ಲೂ ತಪ್ಪನ್ನು ಕೆರೆದು ಅಳಿಸುವಂತಿಲ್ಲ. ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಕಿರುಸಹಿ ಹಾಕಬೇಕು, ಕೆಳಗಿನ ಅಂಕಿ ಓದಲು ಬರಬೇಕು. 32 ವರ್ಷ ಅದನ್ನೇ ಮಾಡಿದವನು, ನಿನ್ನ ಹಾಳೆಗಳಲ್ಲಿ ಹೊಡೆದ ಗೆರೆಗಳನ್ನು ನೋಡಿ ‘ಗಲೀಜು’ ಎಂದೆ.

ಉಪದೇಶ ಬೇಡವೆಂದೇ ಕೂತಿದ್ದೆ. ಆದರೂ ಕೇಳು: ಆರು ತಿಂಗಳ ಬಾಡಿಗೆ ಕೈಯಲ್ಲಿರಲಿ. ಪಿಎಫ್ ಹಣ ಮುಟ್ಟಬೇಡ. ಪತ್ರಿಕೆಯ ಲೆಕ್ಕ ಬೇರೆ, ಊಟದ ಲೆಕ್ಕ ಬೇರೆ. ಸ್ನೇಹಿತರಿಗೆ ಪ್ರತಿ ಉದ್ದರಿ ಕೊಟ್ಟರೆ ಬರೆದಿಡು. ಯಾರದೋ ಕಚೇರಿಯ ಯಂತ್ರದಲ್ಲಿ ಕದ್ದು ಜೆರಾಕ್ಸ್ ತೆಗೆಸಬೇಡ, ಪಂಕ್ ಆದರೂ ಸರಿಯೇ.

ಈಗ ಆ ಕಟ್ಟಿನ ವಿಷಯ. ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ. ಹಳೇ ಪೇಪರಿನವನು ಗೇಟಿನ ಬಳಿ ಕೂಗಿದ. ದಿನಪತ್ರಿಕೆಗಳ ಮೇಲೆ ಅದನ್ನೂ ಇಟ್ಟೆ. ತಕ್ಕಡಿ ಸ್ವಲ್ಪ ವಾಲಿತು. ಇನ್ನೂ ಎರಡು ದಿನಪತ್ರಿಕೆ ಹಾಕಿ ಎಂದ, ಹಾಕಿದೆ. ರದ್ದಿ ಎಂದುಕೊಂಡು ಗೊತ್ತಾಗದೆ ಕೊಟ್ಟೆ ಎಂದು ನಿನಗೆ ಹೇಳಿದೆ. ‘34 ಪ್ರತಿ ತಾನೇ, ಮತ್ತೆ ಮಾಡಿಸಿದರಾಯಿತು’ ಎಂದೂ ಹೇಳಿದೆ. 34 ಎಂದು ನನಗೆ ಹೇಗೆ ಗೊತ್ತು ಎಂದು ನೀನು ಕೇಳಲಿಲ್ಲ. ಕೇಳುತ್ತೀಯೆಂದು ಆ ರಾತ್ರಿ ನಿದ್ದೆ ಬರಲಿಲ್ಲ. ಕೈಗೆ ಕಟ್ಟು ಸಿಕ್ಕರೆ ನನ್ನ ಬೆರಳು ತಾನಾಗಿ ಎಣಿಸುತ್ತದೆ ಮಗಳೇ. ಎಣಿಸಿದ್ದೆ. ಎಲ್ಲವೂ ಒಂದೇ ಪತ್ರಿಕೆಯ ಪ್ರತಿಗಳೆಂದು, ಮೊದಲ ಪುಟದಲ್ಲಿ ನಿನ್ನ ಹೆಸರಿದೆಯೆಂದು ನೋಡಿಯೇ ಕೊಟ್ಟೆ. ಇವು ಹೋದರೆ ನೀನು ಕೆಲಸಕ್ಕೆ ಮರಳುತ್ತೀಯೆಂದು ಲೆಕ್ಕ ಹಾಕಿದ್ದೆ. ‘ಗೊತ್ತಾಗದೆ’ ಎಂಬ ಪದಕ್ಕೆ ಗೆರೆ ಹೊಡೆದುಕೋ.

ನಿನ್ನೆ ರದ್ದಿ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಹುಡುಕಿದೆ. 9 ಸಿಕ್ಕವು. ಎರಡು ಸಲ ಎಣಿಸಿದ್ದೇನೆ. 8 ಕಳಿಸುತ್ತಿದ್ದೇನೆ. ಒಂದನ್ನು ಇಟ್ಟುಕೊಂಡೆ, ಹಿಂಬದಿಯಲ್ಲಿ ಬೆಲೆ 20 ರೂಪಾಯಿ ಎಂದಿದೆ, ಲಕೋಟೆಯಲ್ಲಿದೆ ನೋಡು.

ಇಂತಿ,
ಅಪ್ಪ