ಆ ಜಗಳ ಆಡಬೇಕಿತ್ತು

ಪ್ರೀತಿಯ ತಂಗಿಗೆ,

ನಿನ್ನ ಕಾಗದ, ಗಾರ್ಮೆಂಟ್ಸ್ ಹೆಂಗಸರ ಬಗ್ಗೆ ನೀವು ಕಟ್ಟಿದ ನಾಟಕದ ಸ್ಕ್ರಿಪ್ಟು, ಶೋದ ವಿಡಿಯೋ ಎಲ್ಲವೂ ತಲುಪಿದವು. ವಿಡಿಯೋ ಪೂರ್ತಿ ನೋಡಿದೆ. "ಎಲ್ಲರೂ ಸೇರಿ ಕಟ್ಟುವ ನಾಟಕದಲ್ಲಿ ಬರೆಯುವವಳಿಗೆ ಏನು ಕೆಲಸ? ನಾನು ಬರೆದದ್ದರಲ್ಲಿ ಮುಕ್ಕಾಲು ಪಾಲು ಹೋಯಿತು, ಉಳಿದದ್ದು ಪರದೆಯ ಮೇಲೆ ಅಕ್ಷರವಾಗಿ ಓಡಿತು. ಬರೆಯುವುದನ್ನೇ ಬಿಟ್ಟುಬಿಡಲಾ?" ಅಂತ ಕೇಳಿದ್ದೀಯ. ಬಿಡಬೇಡ. ಹೋದದ್ದರಲ್ಲಿ ಬಹುಪಾಲು ಹೋಗಬೇಕಾದದ್ದೇ. ಹೊಲಿಗೆ ಯಂತ್ರದ ಸದ್ದನ್ನು ನಿಮ್ಮ ಹುಡುಗ ಬರೀ ಬಾಯಲ್ಲಿ ಅಷ್ಟು ಚೆನ್ನಾಗಿ ಎಬ್ಬಿಸುವಾಗ ಅದರ ವರ್ಣನೆ ನಿನಗೇಕೆ? ಅನುದಾನ, ಹಾಲ್ ಬಾಡಿಗೆ, ಸ್ಕ್ರಿಪ್ಟನ್ನು ಯಾವ ರೂಪದಲ್ಲಿ ಟೈಪ್ ಮಾಡಬೇಕು ಅಂತೆಲ್ಲ ಕೇಳಿದ್ದೀಯಲ್ಲ, ಅದನ್ನು ನಿನ್ನ ವಾರಿಗೆಯವರ ಹತ್ತಿರ ಕೇಳು, ನನಗಿಂತ ಚೆನ್ನಾಗಿ ಹೇಳುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಿನ್ನ ಕಾಗದದ ನಡುವೆ ನೀನು ದಾಟಿಸಿಕೊಂಡು ಹೋದ ಒಂದು ಸಂಗತಿ. ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದ ದೃಶ್ಯವನ್ನು ಕಟ್ಟುವಾಗ ನಿಮ್ಮಲ್ಲೊಬ್ಬಳು ಹುಡುಗಿ ಹೇಳಿದಳಂತೆ: "ನಮ್ಮಮ್ಮ ಆವತ್ತು ರೋಡಿಗೆ ಹೋಗಿದ್ದು ಹೀಗಲ್ಲ. ಚಪ್ಪಲಿ ಕಿತ್ತುಹೋಗಿತ್ತು. ಮನೆಗೆ ಬಂದವಳು ಮೊದಲು ಕೇಳಿದ್ದು, ಇವತ್ತಿನ ಸಂಬಳ ಹಿಡೀತಾರಾ ಅಂತ." ಆಮೇಲೆ ನೀನು ಬರೆದಿದ್ದೀಯ: "ಎಲ್ಲರಿಗೂ ಇಷ್ಟವಾಯಿತು, ಅದನ್ನೂ ಸೇರಿಸಿಕೊಂಡೆವು."

ಸೇರಿಸಿಕೊಂಡಿರಿ, ನೋಡಿದೆ. ಕೆಂಪು ಬಟ್ಟೆ ಹಿಡಿದು ಆರು ಜನ ಕುಣಿಯುವಾಗ ಒಬ್ಬಳು ಬರಿಗಾಲಲ್ಲಿ ಪಕ್ಕಕ್ಕೆ ಹಾದುಹೋಗುತ್ತಾಳೆ. ಆ ಹುಡುಗಿ ಹೇಳಿದ್ದು "ಇದನ್ನೂ ಹಾಕಿ" ಅಂತಲ್ಲ ಮಾರಾಯ್ತಿ. "ನೀವು ಮಾಡುತ್ತಿರುವುದು ಸುಳ್ಳು" ಅಂತ ಹೇಳಿದಳು. ಅಲ್ಲಿ ಒಂದು ಜಗಳ ಆಗಬೇಕಿತ್ತು. ನೃತ್ಯ ಮಾಡುವವಳು ಎದ್ದು ನಿಂತು "ಹಾಗಾದರೆ ನನ್ನ ಕುಣಿತ ಸುಳ್ಳೇ?" ಅಂತ ಕೇಳಬೇಕಿತ್ತು. ಆವತ್ತಿನ ತಾಲೀಮು ನಿಂತುಹೋಗಬೇಕಿತ್ತು. ನೀವು ಯಾರೂ ಯಾರ ಮನಸ್ಸನ್ನೂ ನೋಯಿಸಲಿಲ್ಲ, ಅದಕ್ಕೇ ನಾಟಕವೂ ಯಾರನ್ನೂ ತಟ್ಟಲಿಲ್ಲ.

ಆ ಹೆಂಗಸರು ಯಾಕೆ ಬೀದಿಗಿಳಿದರು ಅನ್ನುವುದು ನಿಮ್ಮ ನಾಟಕದಲ್ಲಿ ಎಲ್ಲಿದೆ? 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ, ಅಂದರೆ ಪಿ.ಎಫ್.ನ, ನಿಯಮ ಬದಲಿಸಿತು. ಕೆಲಸ ಬಿಟ್ಟವರು ಮಾಲೀಕರ ಪಾಲಿನ ದುಡ್ಡನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಅಂತ. ಗಾರ್ಮೆಂಟ್ಸಿನಲ್ಲಿ ಆ ವಯಸ್ಸಿನ ತನಕ ಮಷೀನಿನ ಮುಂದೆ ಕೂರುವವರು ಎಷ್ಟು ಜನ? ಮಗಳ ಮದುವೆಗೆ, ಸಾಲ ತೀರಿಸುವುದಕ್ಕೆ, ಊರಿನ ಮನೆಗೆ ಶೀಟು ಹಾಕಿಸುವುದಕ್ಕೆ ಅವರು ನಂಬಿದ್ದು ಆ ದುಡ್ಡನ್ನೇ. ಏಪ್ರಿಲ್ 18ಕ್ಕೆ ಬೆಂಗಳೂರಿನ ಹೊಸೂರು ರಸ್ತೆಗೆ ಬಂದರು, ಮರುದಿನ ತುಮಕೂರು ರಸ್ತೆಯೂ ನಿಂತಿತು. ಕರೆ ಕೊಟ್ಟ ದೊಡ್ಡ ಮುಖಂಡರು ಯಾರೂ ಇರಲಿಲ್ಲ. ಲಾಠಿ ಬೀಸಿತು, ಬಸ್ಸುಗಳು ಸುಟ್ಟವು. 19ಕ್ಕೆ ಸರ್ಕಾರ ನಿಯಮವನ್ನು ವಾಪಸ್ ಪಡೆಯಿತು. ದೆಹಲಿಯನ್ನು ಎರಡು ದಿನದಲ್ಲಿ ಮಣಿಸಿದ ಹೆಂಗಸು ಮನೆಗೆ ಬಂದು ಒಂದು ದಿನದ ಸಂಬಳಕ್ಕೆ ಹೆದರುತ್ತಾಳಲ್ಲ, ನಿಮ್ಮ ನಾಟಕ ಅಲ್ಲಿತ್ತು. ಬರೆಯುವವಳಾಗಿ ಅದನ್ನು ಮೊದಲು ನೀನು ಕೇಳಿಸಿಕೊಳ್ಳಬೇಕಿತ್ತು.

ನಾನು ತಾಳಮದ್ದಳೆ, ಅಂದರೆ ಯಕ್ಷಗಾನದ ಮಾತಿನ ಕೂಟ, ಕೇಳಿ ಬೆಳೆದವಳು. ನೀವು ಹೊಸದೆಂದು ಹಿಡಿದುಕೊಂಡಿರುವ ಈ ಕೂಡಿ ಕಟ್ಟುವ ಕೆಲಸವನ್ನು ನಮ್ಮ ಕಡೆ ರಾತ್ರಿಯಿಡೀ ಮಾಡುತ್ತಾರೆ. ವೇಷವಿಲ್ಲ, ಕುಣಿತವಿಲ್ಲ. ಬರೆದಿಟ್ಟದ್ದು ಪದ್ಯ ಮಾತ್ರ. ಭಾಗವತರು ಪದ್ಯ ಹೇಳಿ ನಿಲ್ಲಿಸಿದ ಮೇಲೆ ಮಾತೆಲ್ಲ ಪಾತ್ರವಾಗಿ ಕೂತು ಮಾತಾಡುವ ಅರ್ಥಧಾರಿಗಳದು, ಅಲ್ಲೇ ಹುಟ್ಟಿದ್ದು. ವಾಲಿ ಬಾಣ ತಗುಲಿ ಬಿದ್ದಿದ್ದಾನೆ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನು ಕೇಳುತ್ತಾನೆ. ರಾಮನ ಅರ್ಥ ಹೇಳುವವರು ಮರ್ಯಾದೆಗೆ ತಲೆ ಬಾಗಿಸಿದರೋ, ಪ್ರಸಂಗ ಅಲ್ಲಿಗೆ ಮುಗಿಯಿತು. ವಾಲಿ ಬಿಡಬಾರದು, ರಾಮನೂ ಸೋಲಬಾರದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಎದುರಿಗೆ ಕೂತರೆ ಇನ್ನೊಬ್ಬರು ತಮಗೇ ಗೊತ್ತಿಲ್ಲದ ಮಾತನ್ನು ಆಡಬೇಕಾಗುತ್ತಿತ್ತು. ಕೂಟ ಮುಗಿದ ಮೇಲೆ ಒಟ್ಟಿಗೆ ಕೂತು ಚಾ ಕುಡಿಯುವವರೂ ಅವರೇ. ಎದುರಾಳಿಯ ಮೇಲೆ ಅಷ್ಟು ನಂಬಿಕೆ ಇದ್ದವರು ಮಾತ್ರ ಹಾಗೆ ವಾದಿಸಬಲ್ಲರು. ನಿಮ್ಮ ತಂಡದಲ್ಲಿ ಪ್ರೀತಿ ಇದೆ, ವಿಡಿಯೋದಲ್ಲೇ ಕಾಣುತ್ತದೆ. ಆ ನಂಬಿಕೆ ಇನ್ನೂ ಬಂದಿಲ್ಲ.

ಲಂಡನ್ನಿನಲ್ಲಿ 1974ರಲ್ಲಿ ಜಾಯಿಂಟ್ ಸ್ಟಾಕ್ ಅಂತ ಒಂದು ನಾಟಕ ತಂಡ ಶುರುವಾಯಿತು. ನಟರು, ನಿರ್ದೇಶಕರು, ಬರಹಗಾರರು ಒಟ್ಟಿಗೆ ಕೂತು ಒಂದು ವಿಷಯವನ್ನು ಕೆದಕುತ್ತಿದ್ದರು, ಜನರನ್ನು ಮಾತಾಡಿಸಿ ಬರುತ್ತಿದ್ದರು. ಆಮೇಲೆ ಬರಹಗಾರರು ಕೆಲವು ವಾರ ಒಬ್ಬರೇ ಹೋಗಿ ಕೂತು ಬರೆದು ತರುತ್ತಿದ್ದರು, ಮತ್ತೆ ತಾಲೀಮು. ನಾಟಕಕಾರ್ತಿ ಕ್ಯಾರಿಲ್ ಚರ್ಚಿಲ್ 1979ರ 'ಕ್ಲೌಡ್ ನೈನ್' ನಾಟಕ ಬರೆದದ್ದು ಹಾಗೆಯೇ. ನಡುವಿನ ಆ ಕೆಲವು ವಾರ ನಿನಗೂ ಬೇಕು, ಕೇಳಿ ತೆಗೆದುಕೋ. ಕೋಣೆಯಲ್ಲಿ ಎಲ್ಲರೂ ಹೂಂ ಅಂದದ್ದನ್ನು ಟೈಪ್ ಮಾಡಿ ತರುವುದಕ್ಕೆ ನೀನು ಬೇಕಾಗಿಲ್ಲ. ಯಾರೂ ಒಪ್ಪದೇ ಇದ್ದದ್ದನ್ನು ತರಬೇಕು, ಅದನ್ನು ಅವರೆದುರು ಓದಿ ಬೈಸಿಕೊಳ್ಳಬೇಕು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು ಅಂತ ಬರೆದಿದ್ದೀಯ. ತಟ್ಟಿದವರಲ್ಲಿ ಮುಕ್ಕಾಲು ಜನ ನಿಮ್ಮ ಸ್ನೇಹಿತರು. ಅವರ ಪ್ರೀತಿಯನ್ನು ಇಟ್ಟುಕೋ, ತೀರ್ಪನ್ನು ಬಿಟ್ಟುಬಿಡು. ನಾನು ನಿನ್ನ ವಯಸ್ಸಿನಲ್ಲಿದ್ದಾಗ ಒಂದು ತಂಡದ ಜೊತೆ ಹೀಗೇ ನಾಟಕ ಕಟ್ಟಿದ್ದೆ. ಎಲ್ಲದಕ್ಕೂ ಎಲ್ಲರದೂ "ಚೆನ್ನಾಗಿದೆ". ಪೋಸ್ಟರಿನಲ್ಲಿ ಸಾಮೂಹಿಕ ರಚನೆ ಅಂತ ಇತ್ತು. ಕೆಲವು ವರ್ಷ ಕಳೆದು ಅದು ಪುಸ್ತಕವಾಗಿ ಬಂದಾಗ ಒಬ್ಬರದೇ ಹೆಸರು. ನನ್ನ ಮಾತುಗಳು ಅದರಲ್ಲಿ ಹಾಗೆಹಾಗೇ ಇವೆ, ಇವತ್ತಿಗೂ ಓದಿದರೆ ಹೊಟ್ಟೆ ಉರಿಯುತ್ತದೆ. ತಾಲೀಮಿನ ಕೋಣೆಯಲ್ಲಿ ಒಬ್ಬರಿಗೊಬ್ಬರು ನಿಜ ಹೇಳದವರು ಹೆಸರಿನ ವಿಷಯದಲ್ಲಿ ಮಾತ್ರ ನಿಜವಾಗಿ ಇರುತ್ತಾರೆ ಅಂತ ನಂಬಬೇಡ. ಯಾರು ಏನು ಮಾಡಿದರು ಅನ್ನುವುದನ್ನು ಈಗಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸು. ಆ ಹುಡುಗಿಯ ತಾಯಿಯ ಮಾತು ನಿಮ್ಮ ಸ್ಕ್ರಿಪ್ಟಿನಲ್ಲಿ ಇದ್ದರೆ ಆ ತಾಯಿಯ ಒಪ್ಪಿಗೆಯನ್ನೂ ಕೇಳು.

ಸಿಟ್ಟಿನಲ್ಲಿ ಬರೆದೆ ಅಂತ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಸ್ಕ್ರಿಪ್ಟಿನಲ್ಲಿ ಕಾಲರ್ ಹೊಲಿಯುವವಳು ಸೂಪರ್‌ವೈಸರಿಗೆ ಕಾಣದ ಹಾಗೆ ಮಗನ ಸ್ಕೂಲಿಗೆ ಫೋನ್ ಮಾಡುವ ಪುಟವಿದೆ. ಅಲ್ಲಿ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಥದ್ದು ಬರೆಯಬಲ್ಲವಳು ಬರೆಯುವುದನ್ನು ಬಿಡುವ ಮಾತಾಡಿದರೆ ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಮುಂದಿನ ತಾಲೀಮಿಗೆ ಆ ದೃಶ್ಯವನ್ನು ತೆಗೆದಿಡಿ ಅಂತ ನೀನೇ ಹೇಳು. ಆ ಹುಡುಗಿ ತನ್ನ ಮಾತನ್ನು ಮೊದಲಿಂದ ಹೇಳಲಿ, ನೃತ್ಯದವಳು ಉತ್ತರ ಕೊಡಲಿ. ನೀನು ಮಧ್ಯಸ್ಥಿಕೆಗೆ ಹೋಗದೆ ಕೂತು ಬರೆದುಕೋ. ಹೊಸ ದೃಶ್ಯ ಆದ ಮೇಲೆ ವಿಡಿಯೋ ಕಳಿಸಬೇಡ, ಶೋ ಎಲ್ಲಿ, ಯಾವತ್ತು ಅಂತ ತಿಳಿಸು. ಟಿಕೆಟ್ ತೆಗೆದುಕೊಂಡೇ ಬರುತ್ತೇನೆ.

ನಿನ್ನ
ಅಕ್ಕ