ಮೊದಲ ಮೂರು ವಾರ ಪೆನ್ಸಿಲ್, ಆಮೇಲೆ ಮೌಸ್

ನಮ್ಮಲ್ಲಿ ಕ್ಯಾಡ್ ಡ್ರಾಫ್ಟಿಂಗ್ (ಕಂಪ್ಯೂಟರ್‌ನಲ್ಲಿ ತಾಂತ್ರಿಕ ನಕ್ಷೆ ಬಿಡಿಸುವುದು) ಕಲಿಯುತ್ತಿರುವ, ಕಲಿಯಲು ಹೆಸರು ಕೊಟ್ಟಿರುವ ಎಲ್ಲರಿಗೂ ನಮಸ್ಕಾರ.

ಮುಂದಿನ ಬ್ಯಾಚ್‌ನಿಂದ ಮೊದಲ ಮೂರು ವಾರ ಕಂಪ್ಯೂಟರ್ ಮುಟ್ಟುವುದಿಲ್ಲ. ಪೆನ್ಸಿಲ್, ಸ್ಕೇಲ್, ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ ಹಿಡಿದು ಕೂರುತ್ತೇವೆ. ನಾಲ್ಕು ತಿಂಗಳ ಕೋರ್ಸ್ ಐದು ತಿಂಗಳಾಗುತ್ತದೆ. ಫೀಸು ಮೊದಲಿನಷ್ಟೇ.

"ನಾವು ಬರೋದು ಸಾಫ್ಟ್‌ವೇರ್ ಕಲಿಯೋಕೆ ಅಲ್ವಾ?" ಎಂದು ಕೆಲವರು ಕೇಳಿದ್ದೀರಿ. ಕೇಳಲೇಬೇಕಾದ ಮಾತು.

ನಮ್ಮಲ್ಲಿ ಕಲಿತು ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಹೋದ ವರ್ಷ ಫೋನ್ ಮಾಡಿದ್ದಳು. ಸಾಫ್ಟ್‌ವೇರ್‌ಗೆ ಕೊಡುವ ಕಮಾಂಡ್‌ಗಳಲ್ಲಿ ಅವಳ ಕೈ ಬಲು ಚುರುಕು. ಆದರೆ ಫಸ್ಟ್ ಆ್ಯಂಗಲ್‌ನಲ್ಲಿದ್ದ ಡ್ರಾಯಿಂಗನ್ನು ಥರ್ಡ್ ಆ್ಯಂಗಲ್ ಎಂದು ಓದಿಬಿಟ್ಟಿದ್ದಳು. ಒಂದೇ ವಸ್ತುವಿನ ಬೇರೆ ಬೇರೆ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ಎರಡು ಪದ್ಧತಿಗಳಿವು. ಫಸ್ಟ್ ಆ್ಯಂಗಲ್‌ನಲ್ಲಿ ಎಡಗಡೆಯಿಂದ ಕಾಣುವ ನೋಟವನ್ನು ಬಲಕ್ಕೆ ಬಿಡಿಸುತ್ತಾರೆ, ಮೇಲಿನಿಂದ ಕಾಣುವುದನ್ನು ಕೆಳಗೆ. ಥರ್ಡ್ ಆ್ಯಂಗಲ್‌ನಲ್ಲಿ ಎಡದ್ದು ಎಡಕ್ಕೇ, ಮೇಲಿನದು ಮೇಲಕ್ಕೇ. ಎಡಗಡೆ ಇರಬೇಕಾದ ತೂತು ಬಲಗಡೆ ಬಿತ್ತು. ಮಾಡಿದ ಬಿಡಿಭಾಗಗಳೆಲ್ಲ ಗುಜರಿಗೆ ಹೋದವು. ಯಾವ ಆ್ಯಂಗಲ್ ಎಂದು ಹೇಳುವ ತುದಿ ಕತ್ತರಿಸಿದ ಶಂಕುವಿನ ಗುರುತು ಡ್ರಾಯಿಂಗ್‌ನ ವಿವರ ಬರೆದಿರುವ ಚೌಕ, ಅಂದರೆ ಟೈಟಲ್ ಬ್ಲಾಕ್‌ನಲ್ಲೇ ಇತ್ತು. ಅದನ್ನು ಮೊದಲು ನೋಡುವ ಅಭ್ಯಾಸ ನಾವು ಮಾಡಿಸಿರಲಿಲ್ಲ. ಅವತ್ತು ನಮಗೆ ತುಂಬಾ ಬೇಜಾರಾಯಿತು.

ಹಾಗಾಗಿ ಈ ಮೂರು ವಾರ ನಿಜವಾದ ಬಿಡಿಭಾಗವೊಂದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಅಳೆದು, ಅದರ ಮೂರು ನೋಟ ಬಿಡಿಸುತ್ತೀರಿ. ಕಾಣುವ ಅಂಚಿಗೆ ದಪ್ಪ ಗೆರೆ, ಮರೆಯಲ್ಲಿರುವುದಕ್ಕೆ ತುಂಡು ಗೆರೆ, ನಡುಗೆರೆಗೆ ಒಂದು ಉದ್ದ ಒಂದು ಗಿಡ್ಡ. ಕೈಯಿಂದ ಇಷ್ಟು ಮಾಡಿದವರಿಗೆ ಸಾಫ್ಟ್‌ವೇರ್‌ನಲ್ಲಿ ಗೆರೆಗಳನ್ನು ಗುಂಪು ಮಾಡುವ ಲೇಯರ್, ಗೆರೆಯ ಬಗೆ ಆರಿಸುವ ಲೈನ್‌ಟೈಪ್ ಯಾಕೆ ಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸ್ಕೇಲ್, ಅಂದರೆ ಅಳತೆಯ ಪ್ರಮಾಣದ ವಿಷಯವೂ ಹಾಗೇ. ಮಾಡೆಲ್ ಸ್ಪೇಸ್‌ನಲ್ಲಿ, ಅಂದರೆ ಸಾಫ್ಟ್‌ವೇರ್‌ನೊಳಗೆ ಬಿಡಿಸುವ ಜಾಗದಲ್ಲಿ, ನಿಜ ಅಳತೆಯಲ್ಲೇ ಬಿಡಿಸಿ, ಹಾಳೆಗೆ ಹಾಕುವಾಗ ಇಳಿಸುತ್ತೇವೆ ಅಂದರೆ ಹೊಸಬರಿಗೆ ಗೊಂದಲ ಜಾಸ್ತಿ. 420 ಮಿ.ಮೀ. ಉದ್ದದ ಎ3 ಹಾಳೆಯಲ್ಲಿ ಒಂದು ಕೋಣೆಯನ್ನು 1:50ಕ್ಕೆ (ಐವತ್ತರಲ್ಲಿ ಒಂದು ಪಾಲಿಗೆ) ಕೈಯಾರೆ ಇಳಿಸಿ ನೋಡಿದವರಿಗೆ ಆ ಗೊಂದಲ ಇರುವುದಿಲ್ಲ. 1982ರಲ್ಲಿ ಬಂದ ಆಟೋಕ್ಯಾಡ್ ಎಂಬ ಡ್ರಾಫ್ಟಿಂಗ್ ಸಾಫ್ಟ್‌ವೇರ್‌ನ ಪರದೆ ಎಷ್ಟೋ ಸಲ ಬದಲಾಗಿದೆ. ಗೆರೆಗಳ ಈ ಭಾಷೆ ಅದಕ್ಕಿಂತ ಹಳೆಯದು, ಬೇರೆ ಯಾವ ಸಾಫ್ಟ್‌ವೇರ್‌ಗೆ ಹೋದರೂ ಜೊತೆಗೆ ಬರುತ್ತದೆ.

ಕೊನೆಯಲ್ಲಿ ಕಮಾಂಡ್ ಪರೀಕ್ಷೆ ಇರುವುದಿಲ್ಲ. ನೀವೇ ಅಳೆದು ಬಿಡಿಸಿದ ಹತ್ತು ಡ್ರಾಯಿಂಗ್‌ಗಳನ್ನು ನೋಡಿ ಸರ್ಟಿಫಿಕೇಟ್ ಕೊಡುತ್ತೇವೆ. ಸಂದರ್ಶನಕ್ಕೂ ಅವನ್ನೇ ಒಯ್ಯಿರಿ.

ಈಗಾಗಲೇ ಕೋರ್ಸ್ ಮುಗಿಸಿದವರು ಈ ಮೂರು ವಾರಕ್ಕೆ ಬಂದು ಕೂರಬಹುದು, ಫೀಸು ಬೇಡ. ಐದು ತಿಂಗಳು ಆಗುವುದಿಲ್ಲ ಎನ್ನುವವರು ಬ್ಯಾಚ್ ಶುರುವಾಗುವ ಮೊದಲೇ ತಿಳಿಸಿ. ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ.

ನಿಮ್ಮ,
ತರಬೇತಿ ಕೇಂದ್ರದ ಬಳಗ